ಸ್ಟಾರ್ ಕೇಳಬೇಡಿ, ಅನುಭವ ಕೇಳಿ

ಗಿರಾಕಿಗಳ ಆನ್‌ಲೈನ್ ರಿವ್ಯೂ ಬಗ್ಗೆ ಈ ಸಲ ಖಾನಾವಳಿಯಿಂದ ಹಿಡಿದು ಗ್ಯಾರೇಜಿನವರೆಗೆ ನಾನಾ ಕಸುಬಿನವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಹೆಸರು ಬಿಟ್ಟು, ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಖಾನಾವಳಿ ರೀ. ಉಂಡವರೆಲ್ಲ ‘ಊಟ ಭಾಳ ಛಲೋ ಇತ್ತು’ ಅಂತ ಹೇಳೇ ಹೋಗ್ತಾರ. ಆದ್ರ ಗೂಗಲ್ ಮ್ಯಾಪಿನ್ಯಾಗ ನಮ್ಮ ಹೆಸರಿನ ಮುಂದ ಬೆರಳೆಣಿಕೆ ರಿವ್ಯೂ. ಮೊನ್ನೆ ಮೊನ್ನೆ ಮಗ್ಗಲಕ್ಕ ಶುರುವಾದ ಹೋಟೆಲಿಗೆ ನೂರಾರು ಅದಾವ. ಬಾಯಿ ಬಿಟ್ಟು ಕೇಳಾಕ ಸಂಕೋಚ. ಹೆಂಗ ಕೇಳಬೇಕು?
— ಖಾನಾವಳಿ ಮಾಲೀಕರು, ಹುಬ್ಬಳ್ಳಿ

ಉತ್ತರ: ಹೊಟ್ಟೆ ತುಂಬಿದವರು ದುಡ್ಡು ಕೊಟ್ಟು ಎದ್ದು ಹೋಗುತ್ತಾರೆ, ಸಿಟ್ಟು ಬಂದವರು ಫೋನ್ ತೆಗೆಯುತ್ತಾರೆ. ಕೇಳದಿದ್ದರೆ ಎರಡನೆಯವರ ಮಾತೇ ಎದ್ದು ಕಾಣುತ್ತದೆ. ಹಾಗಾಗಿ ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ರಿವ್ಯೂ ಕೇಳಲೆಂದೇ ಗೂಗಲ್ ಅಂಗಡಿಯವರಿಗೆ ಲಿಂಕ್ ಮತ್ತು ಕ್ಯೂಆರ್ ಕೋಡನ್ನು ಪುಕ್ಕಟೆ ಕೊಡುತ್ತದೆ.

ಮೊದಲು ಮ್ಯಾಪಿನಲ್ಲಿರುವ ಖಾನಾವಳಿ ನಿಮ್ಮದೇ ಎಂದು ದೃಢಪಡಿಸಿಕೊಳ್ಳಿ. ಎಷ್ಟೋ ಅಂಗಡಿಗಳನ್ನು ಮ್ಯಾಪಿಗೆ ಸೇರಿಸಿದವರು ಯಾರೋ ಗಿರಾಕಿಗಳು. ಮಾಲೀಕರು ಅತ್ತ ತಿರುಗಿಯೂ ನೋಡಿರುವುದಿಲ್ಲ. ದೃಢಪಡಿಸದೆ ರಿವ್ಯೂಗಳಿಗೆ ಉತ್ತರ ಬರೆಯಲೂ ಬರುವುದಿಲ್ಲ. ಸಮಯ, ಫೋನ್ ನಂಬರ್, ವಾರದ ರಜೆ ಸರಿಯಾಗಿವೆಯೇ ನೋಡಿ. ಸೋಮವಾರ ಬಾಗಿಲು ಮುಚ್ಚಿದ್ದು ಕಂಡು ಮರಳಿದವನು ಊಟದ ರುಚಿ ನೋಡದೆಯೇ ಒಂದು ಸ್ಟಾರ್ ಒತ್ತುತ್ತಾನೆ.

ಇನ್ನು ಕೇಳುವ ಹೊತ್ತು. ಮಧ್ಯಾಹ್ನ ಒಂದೂವರೆಗೆ ಜನ ಜಾಗಕ್ಕಾಗಿ ನಿಂತಿರುವಾಗ ಗಲ್ಲೆಯ ಮುಂದೆ ಕೇಳಬೇಡಿ. ಕೈ ತೊಳೆದು ಬಂದವರು ತಾವಾಗಿ ‘ಛಲೋ ಇತ್ತು’ ಅಂದಾಗ ಕೇಳಿ: ‘ಇದನ್ನ ಗೂಗಲ್‌ದಾಗ ಎರಡು ಸಾಲು ಬರೀರಿ, ಊರಿಗೆ ಹೊಸದಾಗಿ ಬಂದವರಿಗೆ ಅನುಕೂಲ ಆಗತೈತಿ.’ ಏನು ಬರೆಯಬೇಕೆಂದು ಅವರು ತಡವರಿಸಿದರೆ ‘ಏನು ಉಂಡ್ರಿ, ಏನು ಹಿಡಿಸ್ತು, ಅಷ್ಟ ಬರೀರಿ’ ಎನ್ನಿ. ‘ಸೂಪರ್’ ಎಂಬ ಹತ್ತು ರಿವ್ಯೂಗಳಿಗಿಂತ ‘ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಎಷ್ಟು ಬೇಡಿದರೂ ಬಡಿಸುತ್ತಾರೆ’ ಎಂಬ ಒಂದು ರಿವ್ಯೂ ಹಸಿದವನನ್ನು ಒಳಗೆ ಕರೆತರುತ್ತದೆ. ಮೇಜಿನ ಮೇಲಿನ ಕಾರ್ಡಿನಲ್ಲಿ ‘ಐದು ಸ್ಟಾರ್ ಕೊಡಿ’ ಎಂದು ಅಚ್ಚು ಹಾಕಿಸಬೇಡಿ. ‘ಊಟ ಹೇಗಿತ್ತು, ತಿಳಿಸಿ’ ಎಂದಿದ್ದರೆ ಸಾಕು.

ಇದರಿಂದ ಲಾಭವಿದೆಯೇ ಎಂದು ನೀವು ಕೇಳಬಹುದು. ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಯೆಲ್ಪ್ ತಾಣದಲ್ಲಿ ಒಂದು ಸ್ಟಾರ್ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ. ಇದರಲ್ಲಿ ನಿಮಗೆ ಮುಖ್ಯವಾದ ಅಂಶ ಇನ್ನೊಂದು. ಆ ಲಾಭ ಕಂಡದ್ದು ಸ್ವತಂತ್ರ ಹೋಟೆಲುಗಳಿಗೆ, ದೊಡ್ಡ ಸರಣಿ ಹೋಟೆಲುಗಳಿಗಲ್ಲ. ಸರಣಿ ಹೋಟೆಲಿನಲ್ಲಿ ಏನು ಸಿಗುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು. ನಿಮ್ಮ ಖಾನಾವಳಿಯ ಬಗ್ಗೆ ಹೊಸಬರಿಗೆ ಯಾರಾದರೂ ಹೇಳಬೇಕು.

ಪ್ರಶ್ನೆ: ನಮ್ಮ ಬೇಕರಿಯಲ್ಲಿ ‘ಐದು ಸ್ಟಾರ್ ರಿವ್ಯೂ ತೋರಿಸಿ, ಶೇ 10 ರಿಯಾಯಿತಿ ಪಡೆಯಿರಿ’ ಎಂದು ಬೋರ್ಡ್ ಹಾಕಿದ್ದೇನೆ. ಅಕೌಂಟೆಂಟ್ ತೆಗೆಸಿಬಿಡಿ ಎನ್ನುತ್ತಿದ್ದಾರೆ. ಕೊಡುವುದು ನಮ್ಮದೇ ದುಡ್ಡು, ತಪ್ಪೇನು?
— ಬೇಕರಿ ಮಾಲೀಕರು, ಮೈಸೂರು

ಉತ್ತರ: ಅಕೌಂಟೆಂಟ್ ಹೇಳಿದ್ದು ಸರಿ, ಇವತ್ತೇ ತೆಗೆಸಿ. ರಿವ್ಯೂಗೆ ಬದಲಾಗಿ ಹಣ, ರಿಯಾಯಿತಿ, ಉಚಿತ ತಿನಿಸು ಯಾವುದನ್ನೂ ಕೊಡಬಾರದೆಂಬುದು ಗೂಗಲ್‌ನ ನಿಯಮ. ಟ್ರಿಪ್‌ಅಡ್ವೈಸರ್‌ನದೂ ಅದೇ. ಸಿಕ್ಕಿಬಿದ್ದರೆ ಆ ರಿವ್ಯೂಗಳು ಮಾಯವಾಗುತ್ತವೆ, ಸ್ವಲ್ಪ ಕಾಲ ಹೊಸ ರಿವ್ಯೂ ಬರದಂತೆ ತಡೆ ಬೀಳಬಹುದು, ‘ಇಲ್ಲಿನ ನಕಲಿ ರಿವ್ಯೂಗಳನ್ನು ತೆಗೆಯಲಾಗಿದೆ’ ಎಂಬ ಎಚ್ಚರಿಕೆ ನಿಮ್ಮ ಬೇಕರಿಯ ಹೆಸರಿನ ಜೊತೆಗೇ ಕಾಣಿಸಿಕೊಳ್ಳಬಹುದು. ಅದನ್ನು ಓದಿದ ಗಿರಾಕಿ ನಿಮ್ಮ ನಿಜವಾದ ರಿವ್ಯೂಗಳನ್ನೂ ನಂಬುವುದಿಲ್ಲ.

ನಮ್ಮ ದೇಶದ ಕಾನೂನೂ ಈ ಕಡೆ ಕಣ್ಣು ಹಾಯಿಸಿದೆ. ಆನ್‌ಲೈನ್‌ನಲ್ಲಿ ಮಾರುವವರು ತಾವೇ ಗಿರಾಕಿಯಂತೆ ನಟಿಸಿ ರಿವ್ಯೂ ಹಾಕುವಂತಿಲ್ಲ ಎಂದು 2020ರ ಇ–ಕಾಮರ್ಸ್ ನಿಯಮಗಳು ಹೇಳುತ್ತವೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡವನ್ನು ತಂದಿತು. ಇದು ರಿವ್ಯೂ ಪ್ರಕಟಿಸುವ ತಾಣಗಳಿಗೆ ಅನ್ವಯಿಸುವಂಥದ್ದು, ಬಂದಾಗ ಸ್ವಯಂಪ್ರೇರಿತವಾಗಿತ್ತು. ಆದರೂ ಕೊಂಡ ರಿವ್ಯೂ, ಕೂಲಿ ಕೊಟ್ಟು ಬರೆಸಿದ ರಿವ್ಯೂ ಸಲ್ಲದು ಎಂಬ ಅದರ ನಿಲುವು ಸ್ಪಷ್ಟ.

ಗಿರಾಕಿಗಳಿಗೆ ಏನಾದರೂ ಕೊಡಬೇಕೆನಿಸಿದರೆ ಷರತ್ತಿಲ್ಲದೆ ಎಲ್ಲರಿಗೂ ಕೊಡಿ. ಸಂಜೆ ಬಂದವರಿಗೆ ಹೊಸ ಬಿಸ್ಕತ್ತಿನ ರುಚಿ ತೋರಿಸಿ. ರಿವ್ಯೂ ಕೇಳುವುದನ್ನು ಅದಕ್ಕೆ ಗಂಟು ಹಾಕಬೇಡಿ.

ಪ್ರಶ್ನೆ: ಕಾಫಿ ತೋಟದ ನಡುವೆ ನಮ್ಮದೊಂದು ಹೋಮ್‌ಸ್ಟೇ. ಅತಿಥಿಗಳು ಖುಷಿಯಿಂದ ಹೋಗುತ್ತಾರೆ, ಊರು ಸೇರಿದ ಮೇಲೆ ಮರೆಯುತ್ತಾರೆ. ಇಲ್ಲೇ ಬರೆಸೋಣವೆಂದರೆ ನೆಟ್‌ವರ್ಕ್ ಇಲ್ಲ. ಒಂದು ಏಜೆನ್ಸಿಯವರು ‘ಮೊದಲು ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸಿ, ಖುಷಿಯಾಗಿದ್ದವರಿಗೆ ಮಾತ್ರ ಲಿಂಕ್ ಕಳಿಸಿ’ ಎಂದು ಸಲಹೆ ಕೊಟ್ಟಿದ್ದಾರೆ.
— ಹೋಮ್‌ಸ್ಟೇ ನಡೆಸುವವರು, ಸಕಲೇಶಪುರ

ಉತ್ತರ: ಆ ಸಲಹೆ ಬೇಡ. ಖುಷಿಯಾದವರನ್ನು ಮಾತ್ರ ಸೋಸಿ ರಿವ್ಯೂ ಕೇಳುವುದನ್ನು ಗೂಗಲ್ ನಿಯಮಗಳು ನಿಷೇಧಿಸಿವೆ. ಇದರಿಂದ ವ್ಯಾಪಾರಕ್ಕೂ ಲಾಭವಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗೆಲ್ ಕೇಂದ್ರದ ಅಧ್ಯಯನವೊಂದರಲ್ಲಿ, ಜನ ಕೊಳ್ಳುವ ಸಾಧ್ಯತೆ ಹೆಚ್ಚು ಕಂಡದ್ದು ರೇಟಿಂಗ್ 4ರಿಂದ 4.7ರ ನಡುವೆ ಇದ್ದಾಗ; ಪೂರ್ತಿ 5ರ ಹತ್ತಿರ ಹೋದಂತೆ ಅದು ಇಳಿಯಿತು. ಒಂದೂ ಕೊರತೆ ಕಾಣದ ಪಟ್ಟಿಯನ್ನು ಓದುಗರು ಅನುಮಾನದಿಂದಲೇ ನೋಡುತ್ತಾರೆ.

ನೆಟ್‌ವರ್ಕ್ ಇಲ್ಲದಿರುವುದು ನಿಮಗೆ ಒಂದು ಬಗೆಯಲ್ಲಿ ಅನುಕೂಲವೇ. ಭಾನುವಾರ ಘಟ್ಟ ಬಿಟ್ಟವರು ಮನೆ ಸೇರಿ, ಫೋಟೊಗಳನ್ನು ನೆಂಟರಿಷ್ಟರಿಗೆ ಕಳಿಸುವುದು ಸೋಮವಾರ, ಮಂಗಳವಾರ. ಆಗ ಎಲ್ಲರಿಗೂ ಒಂದೇ ಬಗೆಯ ಸಂದೇಶ ಕಳಿಸಿ: ‘ಸುಖವಾಗಿ ಊರು ಸೇರಿದಿರಿ ಎಂದುಕೊಂಡಿದ್ದೇವೆ. ನಮ್ಮಲ್ಲಿ ಉಳಿದ ಅನುಭವವನ್ನು ಇದ್ದದ್ದು ಇದ್ದ ಹಾಗೆ ಈ ಲಿಂಕಿನಲ್ಲಿ ಬರೆದರೆ ಮುಂದೆ ಬರುವವರಿಗೆ ಉಪಯೋಗವಾಗುತ್ತದೆ. ಏನಾದರೂ ಕೊರತೆಯಾಗಿದ್ದರೆ ನನಗೆ ನೇರವಾಗಿಯೂ ಹೇಳಬಹುದು.’ ಮಕ್ಕಳು ಕರುವಿಗೆ ಹುಲ್ಲು ತಿನ್ನಿಸಿದ್ದೋ, ಅಜ್ಜಿಗೆಂದು ಮೆತ್ತಗಿನ ಕಡುಬು ಮಾಡಿಕೊಟ್ಟದ್ದೋ ನೆನಪಿದ್ದರೆ ಮೊದಲಲ್ಲಿ ಒಂದು ಸಾಲು ಸೇರಿಸಿ. ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ, ಅಲ್ಲಿಗೆ ನಿಲ್ಲಿಸಿ. ಬುಕಿಂಗ್‌ಗೆಂದು ಕೊಟ್ಟ ನಂಬರಿಗೆ ಹಬ್ಬ ಹಬ್ಬಕ್ಕೂ ಜಾಹೀರಾತು ಕಳಿಸಿದರೆ ಹಳೆಯ ಪ್ರೀತಿಯೂ ಹೋಗುತ್ತದೆ.

ತಾಣಕ್ಕೊಂದು ಪದ್ಧತಿಯಿದೆ. ಏರ್‌ಬಿಎನ್‌ಬಿಯಲ್ಲಿ ರಿವ್ಯೂ ಬರೆಯಲು ಅತಿಥಿ ಹೊರಟ ಮೇಲೆ 14 ದಿನ ಮಾತ್ರ ಅವಕಾಶ. ಅತಿಥಿ, ನೀವು ಇಬ್ಬರೂ ಬರೆದ ಮೇಲೆ ಅಥವಾ ಗಡುವು ಮುಗಿದ ಮೇಲೆಯೇ ಅದು ಪ್ರಕಟವಾಗುತ್ತದೆ. ಆದ್ದರಿಂದ ನಿಮ್ಮ ಕಡೆಯಿಂದ ಬೇಗ ಬರೆಯಿರಿ. ನೀವು ಬರೆದಿದ್ದೀರಿ ಎಂದು ತಿಳಿದರೆ ಅತಿಥಿಗೂ ಬರೆಯುವ ಮನಸ್ಸಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅತಿಥಿ ಬರುವ ಮೊದಲೇ ಆಗಬೇಕು. ಜುಲೈನಲ್ಲಿ ಇಂಬಳ ಕಚ್ಚುತ್ತವೆ, ಕೊನೆಯ ದಾರಿಗೆ ಜೀಪೇ ಬೇಕು, ಮಳೆಗೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು, ಇವನ್ನೆಲ್ಲ ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಮೊದಲೇ ಗೊತ್ತಿದ್ದವರು ‘ಇಂಬಳ ಇವೆ, ಉಪ್ಪು ಇಟ್ಟುಕೊಳ್ಳಿ’ ಎಂದು ಬರೆದು ಐದು ಸ್ಟಾರ್ ಕೊಡುತ್ತಾರೆ. ಗೊತ್ತಿಲ್ಲದೆ ಬಂದವರು ಅದೇ ಇಂಬಳಕ್ಕೆ ಎರಡು ಸ್ಟಾರ್ ಕೊಡುತ್ತಾರೆ.

ಪ್ರಶ್ನೆ: ನಾನು ರವಿಕೆ ಹೊಲಿಯುತ್ತೇನೆ. ಬರುವವರೆಲ್ಲ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. ಇಂಗ್ಲಿಷಿನಲ್ಲಿ ಬರೆಯಲು ಬಾರದು ಎಂದು ಹಿಂಜರಿಯುತ್ತಾರೆ. ಒಬ್ಬ ಅಕ್ಕ ‘ನೀನೇ ನಂಬರ್ ಒನ್’ ಎಂದು ಒಂದು ಸ್ಟಾರ್ ಒತ್ತಿಬಿಟ್ಟಿದ್ದಾರೆ! ಏನು ಮಾಡಲಿ?
— ಟೈಲರ್, ಮಂಡ್ಯ

ಉತ್ತರ: ಆ ಅಕ್ಕನಿಗೆ ಫೋನ್ ಮಾಡಿ, ನಕ್ಕು ವಿಷಯ ಹೇಳಿ. ರಿವ್ಯೂ ಬರೆದವರು ಯಾವಾಗ ಬೇಕಾದರೂ ಅದನ್ನು ತಿದ್ದಬಹುದು. ಗೂಗಲ್ ಮ್ಯಾಪಿನಲ್ಲಿ ತಮ್ಮ ಹಳೆಯ ರಿವ್ಯೂ ತೆರೆದು ಅವರೇ ಸ್ಟಾರ್ ಬದಲಿಸಲಿ. ಅವರ ಫೋನ್ ಇಸಿದುಕೊಂಡು ನೀವು ಒತ್ತುವುದು ಬೇಡ. ತಿದ್ದುವವರೆಗೆ ಅದರ ಕೆಳಗೆ ‘ಧನ್ಯವಾದ ಅಕ್ಕ, ಒಂದು ಸ್ಟಾರ್ ಅಂದರೆ ಕಡಿಮೆ ಅಂತೆ!’ ಎಂದು ಉತ್ತರ ಬರೆದಿಡಿ. ಓದಿದವರಿಗೆಲ್ಲ ಅರ್ಥವಾಗುತ್ತದೆ.

ರಿವ್ಯೂ ಕನ್ನಡದಲ್ಲೇ ಇರಲಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುತ್ತದೆ, ಬರೆಯುವ ಕಷ್ಟವೂ ಇಲ್ಲ. ಬೇರೆ ಭಾಷೆಯವರಿಗೆ ಗೂಗಲ್ ಅನುವಾದಿಸಿ ತೋರಿಸುತ್ತದೆ. ನಿಮ್ಮಲ್ಲಿಗೆ ಮುಂದೆ ಬರುವವರೂ ಮಂಡ್ಯದ ಸುತ್ತಲಿನವರೇ ಅಲ್ಲವೇ? ‘ಮದುವೆಗೆ ಎರಡು ದಿನ ಇರುವಾಗ ಕೊಟ್ಟೆ, ಹೇಳಿದ ಹೊತ್ತಿಗೆ ಕೊಟ್ಟರು, ತೋಳು ಸಡಿಲಿಸಬೇಕಾಗಲಿಲ್ಲ’ ಎಂಬ ಮಾತು ಅವರಿಗೆ ನೇರವಾಗಿ ತಾಗುತ್ತದೆ. ಬಟ್ಟೆ ಕೊಡುವ ದಿನ ಕೇಳಬೇಡಿ. ಅವರು ತೊಟ್ಟು, ಸಮಾರಂಭ ಮುಗಿದ ಮೇಲೆ ಕೇಳಿ. ರವಿಕೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದು ಆಗಲೇ.

ಪ್ರಶ್ನೆ: ನಮ್ಮ ಬೈಕ್ ಗ್ಯಾರೇಜಿಗೆ ಒಬ್ಬರು ‘ಹಳೆ ಪಾರ್ಟ್ ಹಾಕಿ ಹೊಸದರ ಬಿಲ್ ಮಾಡುತ್ತಾರೆ’ ಎಂದು ಸುಳ್ಳು ರಿವ್ಯೂ ಹಾಕಿದ್ದಾರೆ. ಆ ಹೆಸರಿನವರು ಬಂದ ನೆನಪೇ ಇಲ್ಲ. ಗೂಗಲ್‌ಗೆ ದೂರು ಕೊಟ್ಟರೂ ತೆಗೆಯುತ್ತಿಲ್ಲ. ವಕೀಲರ ನೋಟಿಸ್ ಕಳಿಸಲೇ?
— ಮೆಕ್ಯಾನಿಕ್, ತುಮಕೂರು

ಉತ್ತರ: ಮೊದಲು ಜಾಬ್ ಕಾರ್ಡ್ ಪುಸ್ತಕ ತಿರುವಿ ನೋಡಿ. ಜನ ಮಗನ ಖಾತೆಯಿಂದಲೋ ಅಡ್ಡಹೆಸರಿನಿಂದಲೋ ಬರೆಯುವುದುಂಟು. ಮಾಲೀಕನಿಗೂ ಗಿರಾಕಿಗೂ ಇರುವ ಜಗಳದಲ್ಲಿ ಯಾರದು ನಿಜ ಎಂದು ಗೂಗಲ್ ತೀರ್ಪು ಕೊಡುವುದಿಲ್ಲ. ಬೈಗುಳ, ಬೆದರಿಕೆ, ಸಂಬಂಧವಿಲ್ಲದ ಮಾತು, ಪ್ರತಿಸ್ಪರ್ಧಿಯ ಕಿತಾಪತಿ, ನಡೆಯದ ಅನುಭವ ಹೀಗೆ ನಿಯಮ ಮುರಿದ ರಿವ್ಯೂಗಳನ್ನಷ್ಟೇ ತೆಗೆಯುತ್ತದೆ. ನಿಮ್ಮ ದೂರು ತಿರಸ್ಕೃತವಾಗಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಯಾವ ನಿಯಮ ಮುರಿದಿದೆ ಎಂಬುದನ್ನು ತೋರಿಸಿ ಬರೆಯಿರಿ.

ಅಷ್ಟರೊಳಗೆ ಉತ್ತರ ಹಾಕಿ, ಸಿಟ್ಟು ಆರಿದ ಮೇಲೆ. ನಾಳೆ ಬೈಕ್ ಎಲ್ಲಿ ಬಿಡಲಿ ಎಂದು ಹುಡುಕುತ್ತಿರುವ ಅಪರಿಚಿತ ಅದನ್ನು ಓದುತ್ತಾನೆಂಬುದು ನೆನಪಿರಲಿ. ಹೀಗೆ ಬರೆಯಬಹುದು: ‘ನಿಮ್ಮ ಹೆಸರಿನ ಜಾಬ್ ಕಾರ್ಡ್ ನಮ್ಮಲ್ಲಿ ಸಿಗಲಿಲ್ಲ. ದಿನಾಂಕ ತಿಳಿಸಿದರೆ ಬಿಲ್ ತೆಗೆದು ನೋಡುತ್ತೇವೆ. ಬದಲಿಸಿದ ಹಳೆ ಪಾರ್ಟನ್ನು ಗಿರಾಕಿಯ ಕೈಗೇ ಕೊಡುವುದು ನಮ್ಮ ಪದ್ಧತಿ. ತಪ್ಪಾಗಿದ್ದರೆ ಸರಿಪಡಿಸುತ್ತೇವೆ.’ ಹಳೆ ಪಾರ್ಟ್ ಕೊಡುವ ಪದ್ಧತಿ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ಶುರು ಮಾಡಿ, ಆಮೇಲೆ ಬರೆಯಿರಿ. ಗಿರಾಕಿಯ ಗಾಡಿ ನಂಬರ್, ಫೋನ್ ನಂಬರ್, ಬಾಕಿಯ ಲೆಕ್ಕ ಇವನ್ನು ಬಹಿರಂಗವಾಗಿ ಹಾಕಬೇಡಿ. ಒಂದು ರಿವ್ಯೂಗೆಲ್ಲ ನೋಟಿಸ್ ಬೇಡ. ಆ ನೋಟಿಸಿನ ಫೋಟೊ ಎರಡನೇ ರಿವ್ಯೂ ಆಗಿ ಬರುತ್ತದೆ.

ಒಂದೇ ರಾತ್ರಿಯಲ್ಲಿ ಹತ್ತಾರು ಒಂದು ಸ್ಟಾರ್ ಬಿದ್ದು, ಮರುದಿನ ‘ಹಣ ಕೊಟ್ಟರೆ ತೆಗೆಸುತ್ತೇವೆ’ ಎಂದು ಸಂದೇಶ ಬಂದರೆ ಅದು ಸುಲಿಗೆ. ಹಣ ಕೊಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗೂಗಲ್‌ಗೂ ಪೊಲೀಸರಿಗೂ ದೂರು ಕೊಡಿ.

ಪ್ರಶ್ನೆ: ನನ್ನ ಪತಿ ವೈದ್ಯರು, ಕ್ಲಿನಿಕ್‌ನ ಆಡಳಿತ ನನ್ನದು. ರೋಗಿಗಳಿಂದ ರಿವ್ಯೂ ಬರೆಸಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಮೇಲೆ ಹೇಳಿದ ಸಲಹೆಗಳು ನಿಮಗೆ ಅನ್ವಯಿಸುವುದಿಲ್ಲ. ವೈದ್ಯರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ರೋಗಿಗಳನ್ನು ಸೆಳೆಯಲು ಪ್ರಚಾರ ಮಾಡಿಕೊಳ್ಳುವಂತಿಲ್ಲ ಎಂದು 2002ರ ವೈದ್ಯಕೀಯ ವೃತ್ತಿ ನೀತಿ ನಿಯಮಗಳು ಹೇಳುತ್ತವೆ. ಕ್ಯೂಆರ್ ಕೋಡ್ ಕಾರ್ಡ್ ಹಂಚಬೇಡಿ. ತಾವಾಗಿ ಬರೆದವರಿಗೆ ಉತ್ತರಿಸುವಾಗಲೂ ‘ನಿಮ್ಮ ಶುಗರ್ ಈಗ ಹೇಗಿದೆ’ ಎಂದು ಬರೆಯಬಾರದು. ಅವರು ನಿಮ್ಮ ರೋಗಿ ಎಂಬುದನ್ನೂ ಉತ್ತರದಲ್ಲಿ ಒಪ್ಪಿಕೊಳ್ಳಬೇಡಿ. ‘ಅಭಿಪ್ರಾಯಕ್ಕೆ ಧನ್ಯವಾದ. ದೂರುಗಳಿದ್ದರೆ ಕ್ಲಿನಿಕ್‌ಗೆ ಕರೆ ಮಾಡಿ’ ಎಂದಷ್ಟೇ ಬರೆಯಿರಿ. ಸಮಯ, ವಿಳಾಸ, ರಜಾದಿನಗಳನ್ನು ಮ್ಯಾಪಿನಲ್ಲಿ ಸರಿಯಾಗಿಟ್ಟರೆ ಕಾಯುವವರ ಅರ್ಧ ದೂರು ಕಡಿಮೆಯಾಗುತ್ತದೆ.

ಪ್ರಶ್ನೆ: ಹೋಟೆಲುಗಳಿಗೆ ಐದು ಸ್ಟಾರ್ ಕೊಟ್ಟರೆ ರಿವ್ಯೂಗೆ 50 ರೂಪಾಯಿ ಎಂದು ಟೆಲಿಗ್ರಾಂನಲ್ಲಿ ಕೆಲಸ ಕೊಟ್ಟಿದ್ದಾರೆ. ಮೊದಲ ಮೂರಕ್ಕೆ ದುಡ್ಡೂ ಬಂತು. ಮುಂದುವರಿಸಲೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಡ. ಆ 150 ರೂಪಾಯಿ ನಿಮ್ಮ ನಂಬಿಕೆ ಗಳಿಸಲು ಹಾಕಿದ ಗಾಳ. ಮುಂದಿನ ‘ಟಾಸ್ಕ್’ಗೆ ನೀವೇ ಮುಂಗಡ ಕಟ್ಟಬೇಕೆನ್ನುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತದೆ, ಕೈಗೆ ಬರುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಕಟ್ಟು ಎನ್ನುತ್ತಾರೆ. ಇದೇ ದಾರಿಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳೂ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ. ಹಾಕಿದ ರಿವ್ಯೂಗಳನ್ನು ಅಳಿಸಿ, ಗುಂಪಿನಿಂದ ಹೊರಬನ್ನಿ, ಬ್ಯಾಂಕ್ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ಹಣ ಕಟ್ಟಿಬಿಟ್ಟಿದ್ದರೆ ಇವತ್ತೇ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ವಾಪಸು ಸಿಗುವ ಸಾಧ್ಯತೆ ಕಡಿಮೆ.