ಊರಿನ ಮನೆಯಲ್ಲಿ ಅತಿಥಿಗೃಹ: ಹೋಟೆಲಿನವರಿಗೆ ಒಂದು ಪಾಠ



ಮುಂಬಯಿ, ಪುಣೆಯಲ್ಲಿ ಹೋಟೆಲ್ ನಡೆಸುವ ನಮ್ಮವರಲ್ಲಿ ಅನೇಕರಿಗೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಹಿರಿಯರ ಕಾಲದ ಹಂಚಿನ ಮನೆಯಿದೆ. ಎಷ್ಟೋ ಮನೆಗಳಿಗೆ ಈಗ ಬೀಗ ಬಿದ್ದಿದೆ. ಒಲೆ ಉರಿಯದ ಮನೆಯ ಪಕ್ಕಾಸಿಗೆ ಗೆದ್ದಲು ಬೇಗ ಹತ್ತುತ್ತದೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸದಿದ್ದರೆ ನೀರು ಸೋರಿ ಮಾಡು ಕೂರುತ್ತದೆ, ಮಣ್ಣಿನ ಗೋಡೆ ಕರಗುತ್ತದೆ. ಇಂಥ ಮನೆಯನ್ನು ಅತಿಥಿಗೃಹ, ಅಂದರೆ ಹೋಮ್‌ಸ್ಟೇ ಮಾಡಿದರೆ ಹೇಗೆ ಎಂದು ಈಗ ಹಲವರು ಕೇಳುತ್ತಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ನಮ್ಮ ಹೋಟೆಲಿನ ಲೆಕ್ಕವನ್ನೇ ಅಲ್ಲಿಗೆ ಒಯ್ದರೆ ನಡೆಯುವುದಿಲ್ಲ.

ಗಿರಾಕಿ ಏಳಬೇಕೋ, ಉಳಿಯಬೇಕೋ

ನಮ್ಮ ಹೋಟೆಲಿನಲ್ಲಿ ಗಿರಾಕಿ ತಿಂದು ಬೇಗ ಎದ್ದರೆ ಲಾಭ. ಅದೇ ಟೇಬಲಿಗೆ ಇನ್ನೊಬ್ಬರು ಬರುತ್ತಾರೆ. ಅತಿಥಿಗೃಹದಲ್ಲಿ ಅತಿಥಿ ಇನ್ನೊಂದು ದಿನ ಉಳಿದರೆ ಲಾಭ. ಒಂದು ರಾತ್ರಿ ಇದ್ದು ಹೋದರೂ ಹಾಸಿಗೆ ಬಟ್ಟೆ ಒಗೆಯಬೇಕು, ಕೋಣೆ ಸಜ್ಜು ಮಾಡಬೇಕು. ಮೂರು ರಾತ್ರಿ ಇದ್ದರೂ ಅಷ್ಟೇ ಕೆಲಸ. ಆದ್ದರಿಂದ ಅವರು ಯಾಕೆ ಇನ್ನೊಂದು ದಿನ ಉಳಿಯಬೇಕು ಎಂದು ಯೋಚಿಸುವುದೇ ಈ ವ್ಯವಹಾರದ ಮೂಲ. ಎ.ಸಿ., ಟಿ.ವಿ. ಅವರ ಮನೆಯಲ್ಲೇ ಇದೆ. ಉಳಿಸುವುದು ತೋಟ, ಗದ್ದೆ, ಊಟ ಮತ್ತು ಮನುಷ್ಯರ ಮಾತು.

ಮನೆಯಲ್ಲಿ ಯಾರಿರುತ್ತಾರೆ?

ಬಣ್ಣ ಬಳಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ 1ರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಮಾಲಕರ ಕುಟುಂಬ ಅಲ್ಲೇ ವಾಸವಿರಬೇಕು ಎಂಬುದೂ ನಿಯಮ. ಇದು ಕಾಗದದ ಮಾತಲ್ಲ. ನಾವು ಮುಂಬಯಿಯ ಗಲ್ಲಾದಲ್ಲಿ ಕೂತು ಊರಿನ ಮನೆಯನ್ನು ಫೋನಿನಲ್ಲಿ ನಡೆಸಿದರೆ ಅದು ಲಾಡ್ಜ್ ಆಗುತ್ತದೆ, ಮನೆಯಾಗುವುದಿಲ್ಲ. ಊರಲ್ಲೇ ಇರುವ ಅಣ್ಣ, ಅತ್ತಿಗೆ ಅಥವಾ ತಂಗಿಯ ಸಂಸಾರ ನಡೆಸುವುದಾದರೆ ಅವರನ್ನು ಸಂಬಳದವರಂತೆ ಕಾಣದೆ ಲಾಭದಲ್ಲಿ ಪಾಲುದಾರರನ್ನಾಗಿ ಮಾಡಬೇಕು. ಮನೆ ಕುಟುಂಬದ ಆಸ್ತಿಯಾಗಿದ್ದರೆ ಎಲ್ಲ ಪಾಲುದಾರರ ಒಪ್ಪಿಗೆ ಬರವಣಿಗೆಯಲ್ಲೇ ಇರಲಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯತಿನ ಪರವಾನಿಗೆ, ಅಡುಗೆಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇವನ್ನೂ ಮಾಡಿಸಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರಕಾರಕ್ಕೆ ಆನ್‌ಲೈನಿನಲ್ಲಿ ತಿಳಿಸಬೇಕು.

ಮೆನು ಕಾರ್ಡ್ ಬೇಡ

ಪನೀರ್, ಮಂಚೂರಿ ತಿನ್ನಲು ಯಾರೂ ಅಷ್ಟು ದೂರ ಬರುವುದಿಲ್ಲ. ಆಟಿಯಲ್ಲಿ ಪತ್ರೊಡೆ, ಕಣಿಲೆ ಪಲ್ಯ, ತಜಂಕಿನ ಅಂಬಡೆ. ಬೇಸಿಗೆಯಲ್ಲಿ ಹಲಸಿನ ಹಣ್ಣಿನ ಗಟ್ಟಿ, ಮಾವಿನ ಹಣ್ಣಿನ ಸಾರು. ಬೆಳಿಗ್ಗೆ ನೀರುದೋಸೆ, ಮೂಡೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ, ಹಪ್ಪಳ, ಉಪ್ಪಿನಕಾಯಿ. ಆ ದಿನ ತೋಟದಲ್ಲಿ ಏನಿದೆಯೋ ಅದೇ ಮೆನು. ನಮ್ಮ ಹೋಟೆಲಿನಲ್ಲಿ ರುಚಿ ದಿನಾ ಒಂದೇ ಇರಬೇಕು, ಇಲ್ಲಿ ತಿಂಗಳಿಗೊಂದು ರುಚಿ ಇದ್ದರೆ ಅತಿಥಿ ಮತ್ತೆ ಬರುತ್ತಾರೆ. ಆದರೆ ನಮ್ಮ ಅಡುಗೆಮನೆಯ ಶಿಸ್ತನ್ನು ಮಾತ್ರ ಅಲ್ಲಿಗೂ ಒಯ್ಯಬೇಕು: ಕುದಿಸಿ ಆರಿಸಿದ ನೀರು, ಶುಚಿಯಾದ ಪಾತ್ರೆ, ಹೇಳಿದ ಹೊತ್ತಿಗೆ ಊಟ, ಒಣಗಿದ ಬಚ್ಚಲು.

ಮಳೆಯೂ ಬಂಡವಾಳ

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅದನ್ನು ಆಫ್ ಸೀಸನ್ ಎನ್ನುವ ಬದಲು ನಾಟಿ ನೋಡಲು, ಚಾವಡಿಯಲ್ಲಿ ಕೂತು ಮಳೆ ಕೇಳಲು ಬನ್ನಿ ಎಂದು ಕರೆಯಬಹುದು. ಆದರೆ ಆ ತಿಂಗಳುಗಳಲ್ಲಿ ಕಡಲು, ಹೊಳೆಗೆ ಇಳಿಯಲು ಬಿಡಲೇಬಾರದು. ಅಂಗಳದ ಪಾಚಿ ತೆಗೆಸಬೇಕು, ಬಾವಿಗೆ ಕಟ್ಟೆ ಬೇಕು, ಕೈಯಲ್ಲಿ ಟಾರ್ಚ್ ಕೊಡಬೇಕು. ಹಾವು ಕಚ್ಚಿದರೆ ಔಷಧ ಸಿಗುವ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿರಬೇಕು.

ಊರಿನವರು ಪ್ರದರ್ಶನದ ವಸ್ತುವಲ್ಲ

ಹಾಲು, ತರಕಾರಿ, ಮೀನು ಊರಲ್ಲೇ ಕೊಳ್ಳಬೇಕು. ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು ಅತಿಥಿಗಳಿಗೆ ಕೆಲಸ ತೋರಿಸಿದರೆ ಅವರ ಹೊತ್ತಿಗೆ ಹಣ ಕೊಡಬೇಕು. ಕೇಳದೆ ಫೋಟೋ ತೆಗೆಯಬಾರದೆಂದು ಅತಿಥಿಗೆ ಮೊದಲೇ ಹೇಳಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಇರುತ್ತದೆ, ಆಗ ಬಂದವರನ್ನು ಆಟಕ್ಕೆ ಕರೆದೊಯ್ಯಬಹುದು. ಕೋಲ ಹಾಗಲ್ಲ, ಅದು ಆರಾಧನೆ. ಅತಿಥಿಗೋಸ್ಕರ ಕೋಲ ಏರ್ಪಡಿಸುವುದು ಬೇಡ. ಊರಲ್ಲಿ ನಡೆಯುವಾಗ ಮನೆಯವರ ಒಪ್ಪಿಗೆಯಿಂದ ದೂರ ನಿಂತು ನೋಡಲಿ. ಊರಿನವರಿಗೆ ಬೇಸರವಾದ ಅತಿಥಿಗೃಹ ಹೆಚ್ಚು ದಿನ ಬಾಳುವುದಿಲ್ಲ.

ಲೆಕ್ಕ

ಉದಾಹರಣೆಗೆ 4 ಕೋಣೆ ಎನ್ನೋಣ. ವರ್ಷಕ್ಕೆ 1,460 ರಾತ್ರಿಗಳ ಜಾಗ. ನೂರಕ್ಕೆ 30ರಷ್ಟು ತುಂಬಿದರೆ 438. ಇಬ್ಬರಿಗೆ ಊಟ ಸೇರಿ ರೂ. 2,500 ಎಂದಿಟ್ಟರೆ ವರ್ಷದ ವಸೂಲಿ ರೂ. 10,95,000. ಅಡುಗೆ ಖರ್ಚು, ಸಂಬಳ, ತೆರಿಗೆ, ಮಾಡಿನ ರಿಪೇರಿ ಇದರಲ್ಲೇ ಹೋಗಬೇಕು. ಒಂದು ಸಂಸಾರ ನಡೆಯುತ್ತದೆ, ಮನೆ ನಿಲ್ಲುತ್ತದೆ. ದೊಡ್ಡ ಸಾಲದ ಕಂತು ಮಾತ್ರ ಇದರಲ್ಲಿ ಹೊರಡುವುದಿಲ್ಲ. ಆದ್ದರಿಂದ ಮೊದಲು 2 ಕೋಣೆಯಿಂದ ಶುರು ಮಾಡಿ.

ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿಯನ್ನೇ ತಂದಿದೆ. ಬಾರಾಮತಿ ಕಡೆಯ ರೈತರು ಅದಕ್ಕೂ ಮೊದಲೇ ಅತಿಥಿಗಳನ್ನು ಹೊಲಕ್ಕೆ ಕರೆಸುತ್ತಿದ್ದಾರೆ. ಪುಣೆ, ಮುಂಬಯಿಯವರು ಒಂದು ಶನಿವಾರ ಮನೆಯವರೊಂದಿಗೆ ಅಲ್ಲಿ ಹಣ ಕೊಟ್ಟು ಉಳಿದು ನೋಡಿ. ಏನು ಹಿಡಿಸಿತು, ಏನು ಕೊರತೆಯಾಯಿತು ಎಂದು ಬರೆದಿಟ್ಟುಕೊಳ್ಳಿ. ಈ ಮಳೆಗಾಲಕ್ಕೆ ಮೊದಲು ಊರಿಗೆ ಹೋದಾಗ ಹಂಚು ಕೈಯಾಡಿಸಿ, ಬೀಗ ತೆಗೆದು ಒಲೆ ಹಚ್ಚಿ. ಅತಿಥಿ ಆಮೇಲೆ ಬರಲಿ, ಮೊದಲು ಮನೆ ನಿಲ್ಲಲಿ.