ಹಿಮ್ಮಡಿ ತಿರುಗಿಸುವ ಮುಂಚೆ

ಸ್ವೆಟರ್ ಬರುತ್ತೆ, ಟೋಪಿ ಬರುತ್ತೆ, ಕಾಲುಚೀಲಕ್ಕೆ ಮಾತ್ರ ಧೈರ್ಯ ಸಾಲದು ಅಂದೆಯಲ್ಲ ತಂಗಿ, ಆ ಭಯವೆಲ್ಲ ಹಿಮ್ಮಡಿ ಒಂದರದ್ದೇ. ಉಳಿದದ್ದು ನೀನು ಆಗಲೇ ಬಲ್ಲ ಸೀದಾ-ಉಲ್ಟಾ. ಅದಕ್ಕೇ ಇಲ್ಲಿ ಹಿಮ್ಮಡಿಗೇ ಹೆಚ್ಚು ಜಾಗ ಕೊಟ್ಟಿದ್ದೀನಿ.

• ದಾರ ನೋಡಿ ತಗೋ. ಜಗಳೂರು, ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಗೆ ಒಳ್ಳೇದು, ಬರಿಗಾಲಿಗೆ ಚುಚ್ಚುತ್ತೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು, ಹತ್ತಿ ಅಂದರೆ ನಮಗೆ ಮಮತೆ. ಆದರೆ ಹತ್ತಿ ದಾರ ಹಿಗ್ಗಿದ್ದು ಮತ್ತೆ ಕುಗ್ಗೋದಿಲ್ಲ, ಕಾಲುಚೀಲ ಜಾರಿ ಕೆಳಗೆ ಬರುತ್ತೆ. ಹರಿಹರದ ಹೊಳೆಯಾಚೆ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನುಣುಪು ಹೌದು, ಆದರೆ ಒದ್ದೆಯಾದಾಗ ಆ ನಾರಿನ ಬಲ ಕುಂದುತ್ತೆ. ಬೆವರುವ ಹಿಮ್ಮಡಿಗೆ ಅದು ಬೇಡ. ಮುಕ್ಕಾಲು ಪಾಲು ಮೆತ್ತನೆ ಉಣ್ಣೆ, ಕಾಲು ಪಾಲು ನೈಲಾನ್ ಇರೋ ದಾರ ಕೇಳು. 100 ಗ್ರಾಂ ಒಂದು ಜೊತೆಗೆ ಸಾಕು.

• ಎರಡೂ ತುದಿ ಚೂಪಿರುವ ಕಡ್ಡಿ ಐದು ಬೇಕು, 2.5 ಮಿ.ಮೀ. ದಪ್ಪದ್ದು. ಸೈಕಲ್ ಸ್ಪೋಕ್ ಕತ್ತರಿಸಿ ತುದಿ ತಿಕ್ಕಿಸಿಕೊಂಡರೂ ಆಗುತ್ತೆ. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಹರಿಹರದಲ್ಲಿ ಅಂಥ ಕೈಕೆಲಸಕ್ಕೆ ಬರವಿಲ್ಲ. ಸ್ಪೋಕ್ 2 ಮಿ.ಮೀ. ಮಾತ್ರ ಇರೋದರಿಂದ ಹೆಣಿಗೆ ಬಿಗಿಯಾಗುತ್ತೆ, ಮೊದಲ ಸಲಕ್ಕೆ ಬೇಡ.

• ಹೊಸ ಕೆಲಸವನ್ನು ದೊಡ್ಡವರ ಕಾಲಿನ ಮೇಲೆ ಕಲಿಯಬೇಡ. 32 ಕುಣಿಕೆಯ ಮಗುವಿನ ಕಾಲುಚೀಲ ದಪ್ಪ ದಾರದಲ್ಲಿ ಹಾಕು. ಒಂದೇ ಸಂಜೆಯಲ್ಲಿ ಹಿಮ್ಮಡಿ ಮುಗಿದು ಕೈಗೆ ಬರುತ್ತೆ, ಯಾರದೋ ಮನೆಯ ನಾಮಕರಣಕ್ಕೂ ಒದಗುತ್ತೆ.

• ಈಗ ಹಿಮ್ಮಡಿ. ದೊಡ್ಡವರ ಅಳತೆಗೆ 64 ಕುಣಿಕೆ ಅಂತ ಇಟ್ಟುಕೋ. 32ನ್ನು ಪಾದದ ಮೇಲ್ಭಾಗಕ್ಕೆ ಬಿಟ್ಟು, ಉಳಿದ 32ನ್ನು ಹೋಗಿ-ಬಂದು 32 ಸಾಲು ಹೆಣೆ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸು. ಎರಡೂ ಅಂಚಿನಲ್ಲಿ 16-16 ಸರಪಳಿ ಸಿಗುತ್ತೆ. ಸೀದಾ ಸಾಲಲ್ಲಿ ಒಂದು ಬಿಟ್ಟು ಒಂದು ಜಾರಿಸಿದರೆ ಪಟ್ಟಿ ದಪ್ಪವಾಗಿ, ಬೇಗ ಸವೆಯೋದಿಲ್ಲ.

• ಆಮೇಲೆ ತಿರುವು. 18 ಸೀದಾ, ಎರಡು ಸೇರಿಸಿ ಒಂದು, ಮತ್ತೊಂದು ಸೀದಾ, ಅಲ್ಲೇ ತಿರುಗು. ಕಡ್ಡಿಯ ಮೇಲೆ 11 ಹಾಗೇ ಉಳಿದಿರುತ್ತೆ, ಗಾಬರಿಯಾಗಬೇಡ, ಅದು ಉಳಿಯಲೇಬೇಕು. ಮೊದಲನೆಯದು ಜಾರಿಸು, 5 ಉಲ್ಟಾ, ಎರಡು ಸೇರಿಸಿ ಒಂದು, ಒಂದು ಉಲ್ಟಾ, ತಿರುಗು. ಇನ್ನು ಮೇಲೆ ಎಣಿಸಬೇಕಿಲ್ಲ. ಹಿಂದಿನ ತಿರುವಿನ ಜಾಗದಲ್ಲಿ ಸಣ್ಣ ಸಂದು ಕಾಣುತ್ತೆ. ಸಂದಿನ ಆಚೆ-ಈಚೆಯ ಕುಣಿಕೆ ಸೇರಿಸು, ಮುಂದಿನದೊಂದು ಹೆಣೆ, ತಿರುಗು. ಕೊನೆಯ ಎರಡು ಸಾಲಲ್ಲಿ ಸೇರಿಸಿದ ಮೇಲೆ ಹೆಣೆಯೋಕೆ ಏನೂ ಉಳಿಯೋದಿಲ್ಲ, ಸರಿಯಾಗೇ ಇದೆ. 18 ಉಳಿದರೆ ನೀನು ಗೆದ್ದೆ. ಚಪ್ಪಟೆ ಪಟ್ಟಿ ಕಣ್ಣೆದುರೇ ಬಟ್ಟಲಾಗುವ ಆ ಗಳಿಗೆಗೇ ನಾನು ಇಷ್ಟು ವರ್ಷ ಕಡ್ಡಿ ಬಿಡದೆ ಇರೋದು. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ, ಆದರೆ ಅದರಿಂದ ಬಂದದ್ದು ಚಪ್ಪಟೆ ತುಂಡು. ಅದನ್ನು ಹೊಲಿದು ಕಾಲಿಗೆ ಹೊಂದಿಸಬೇಕಿತ್ತು.

• ಅಂಚಿನ 16-16 ಎತ್ತಿಕೊಂಡರೆ, ಪಾದದ ಮೇಲ್ಭಾಗಕ್ಕೆ ಬಿಟ್ಟ 32 ಸೇರಿ ಒಟ್ಟು 82. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೂ ಬದಿ ಒಂದೊಂದು ಇಳಿಸು. 9 ಸಲಕ್ಕೆ ಮತ್ತೆ 64 ಆಗುತ್ತೆ. ಮೂಲೆಯಲ್ಲಿ ತೂತು ಕಂಡರೆ ಆ ಕುಣಿಕೆಯನ್ನು ತಿರುಚಿ ಎತ್ತು.

• ಹಿಮ್ಮಡಿ ಶುರು ಮಾಡುವ ಮುಂಚೆ, ಬೇರೆ ಬಣ್ಣದ ಹೊಲಿಗೆ ದಾರವನ್ನು ಎಲ್ಲ ಕುಣಿಕೆಯೊಳಗೂ ಪೋಣಿಸಿಡು. ಕೆಟ್ಟರೆ ಅಲ್ಲಿವರೆಗೆ ಮಾತ್ರ ಬಿಚ್ಚಿದರಾಯ್ತು.

• ದಾವಣಗೆರೆ-ಹರಿಹರ ರೈಲಲ್ಲಿ ಕೂತು ಕಣಕಾಲಿನ ಸುತ್ತು ಎಷ್ಟಾದರೂ ಹಾಕು. ಹಿಮ್ಮಡಿ ಮಾತ್ರ ಮನೆಯಲ್ಲೇ, ಹಗಲು ಬೆಳಕಲ್ಲಿ, ಯಾರೂ ಮಾತಾಡಿಸದ ಹೊತ್ತಲ್ಲಿ.

• ಏಪ್ರಿಲ್-ಮೇ ಬಿಸಿಲಲ್ಲಿ ಉಣ್ಣೆ ಹಿಡಿಯಬೇಡ, ಬೆವರು ಕೈಗೆ ದಾರ ಅಂಟಿ ಕುಣಿಕೆ ಬಿಗಿಯುತ್ತೆ. ದಸರಾ ಕಳೆದ ಮೇಲೆ ಕೂತರೆ ಪುಷ್ಯದ ಚಳಿಗೆ ಸಿದ್ಧವಾಗುತ್ತೆ.

• ಬೆರಳಿನ ಕಡೆಯಿಂದ ಶುರು ಮಾಡೋದು, ಉದ್ದ ತಂತಿಯ ಒಂದೇ ಕಡ್ಡಿಯಲ್ಲಿ ಎರಡನ್ನೂ ಒಟ್ಟಿಗೆ ಹಾಕೋದು ಎಲ್ಲ ಫೋನಿನಲ್ಲಿ ನೋಡಿರ್ತೀಯ. ಒಳ್ಳೆ ವಿದ್ಯೆಗಳೇ. ಆದರೆ ಒಂದು ಜೊತೆಗೆ ಒಂದೇ ಹೊಸದು. ಎರಡು ಹೊಸದು ಬೆರೆತರೆ ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಗೋದಿಲ್ಲ.

• ಮೊದಲನೆಯದು ಮುಗಿದ ದಿನವೇ ಎರಡನೆಯದಕ್ಕೆ ಕುಣಿಕೆ ಎತ್ತು. ಸಾಲಿನ ಲೆಕ್ಕ ಚೀಟಿಯಲ್ಲಿ ಬರೆದಿಡು.

• ಉಳಿದ ದಾರ ಬಿಸಾಡಬೇಡ, ಚೀಟಿಯ ಜೊತೆಗೇ ಸುತ್ತಿಡು. ಮೊದಲು ಸವೆಯೋದು ಹಿಮ್ಮಡಿ, ಅಂಗಡಿಯಲ್ಲಿ ಅದೇ ಬಣ್ಣ ಮತ್ತೆ ಸಿಗೋದು ಕಷ್ಟ. ದಾರ ತೆಳುವಾದದ್ದು ಕಂಡ ಕೂಡಲೇ, ತೂತು ಬೀಳುವ ಮುಂಚೆ, ಸೂಜಿಯಲ್ಲಿ ಆ ಕುಣಿಕೆಗಳ ದಾರಿಯಲ್ಲೇ ಇನ್ನೊಂದು ಎಳೆ ಓಡಿಸು.