ಒಂದೇ ಮಂಟಪ

ನಿಲಂಗಾದ ನೀಲಕಂಠೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಪದ್ಧತಿಗೆ ಸೇರಿದುದು. ಅಲ್ಲಿ ಗರ್ಭಗುಡಿಗಳು ಮೂರು; ಭಕ್ತರು ಕೂಡುವ ಮಂಟಪವೊಂದೇ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಬಾಳಿಗೂ ಇದೇ ಉಪಮಾನ: ಮನೆಮಾತು ಬೇರೆಯಾದರೂ ಮಂಟಪವೊಂದೇ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಭಾಗವಾಯಿತು. ಅದುವರೆಗೆ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರಗಳು ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾದೊಡನೆ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಕಲ್ಯಾಣಗಳು ಮೈಸೂರಿಗೆ ಸಂದವು. 1960ರ ಮೇ 1ರಿಂದ ಈ ಸೀಮೆ ಮಹಾರಾಷ್ಟ್ರದ್ದಾಯಿತು. ಇಲ್ಲಿನ ಕನ್ನಡಿಗರು ಊರು ಬಿಡದೆಯೇ ಹೊರನಾಡಿನವರಾದರು. ಕಚೇರಿಯ ನುಡಿ ಮರಾಠಿಯಾಯಿತು. ಆದರೆ ಗುಡಿಯ ಭಜನೆಯಲ್ಲಿ ವಚನಕ್ಕೂ ಅಭಂಗಕ್ಕೂ ತಾಳ ಒಂದೇ ಆಗಿ ಉಳಿಯಿತು.

ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದೇವರಿಗೆ ಭೂಮಿ ಬಿಟ್ಟ ಉದ್ದೇಶಗಳು ಸಾಮಾನ್ಯವಾಗಿ ಹೀಗಿರುತ್ತವೆ: ನಂದಾದೀಪ, ನೈವೇದ್ಯ, ತಪೋಧನರ ಆಹಾರ, ವಿದ್ಯಾದಾನ ಮತ್ತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಅವನ್ನು ಸರಿಪಡಿಸುವುದೇ ಜೀರ್ಣೋದ್ಧಾರ, ಹಳೆಯದನ್ನು ಮರೆಮಾಡುವುದಲ್ಲ.

ಆದಕಾರಣ ಗುಡಿಯನ್ನು ನವೀಕರಿಸುವವರು ಅಕ್ಷರವುಳ್ಳ ಕಲ್ಲಿಗೆ ಸುಣ್ಣ, ಎಣ್ಣೆಬಣ್ಣ ಬಳಿಯಬಾರದು, ಅದನ್ನು ನೆಲಗಟ್ಟಿಗೂ ಹಾಕಬಾರದು. ಆ ಕಲ್ಲು ಊರಿನ ಹಕ್ಕುಪತ್ರ. ಆದರೆ ಓದುವವರಿಲ್ಲದಿದ್ದರೆ ಉಳಿದ ಕಲ್ಲೂ ಮೂಕವೇ. ಮರಾಠಿ ಶಾಲೆಗೆ ಹೋಗುವ ಮಗುವಿಗೆ ಅದೇ ಮಂಟಪದಲ್ಲಿ, ಸಂಜೆಯ ಮಂಗಳಾರತಿಗೆ ಮುನ್ನ, ಅರ್ಧ ಗಂಟೆ ಕನ್ನಡ ಅಕ್ಷರ ಕಲಿಸಿದರೆ ವಿದ್ಯಾದಾನವೂ ಜೀರ್ಣೋದ್ಧಾರವೂ ಕೂಡಿ ನಡೆದಂತಾಗುವುದು. ಗೋಪುರದ ಕಳಸಕ್ಕೆ ಅದರಿಂದಲೇ ಶೋಭೆ.